ಮುಸ್‌ಹಫ್‌ನ ಅಂಚಿನಲ್ಲಿ ಅರಳಿದ ಹೂವುಗಳು

ಈ ತಿಂಗಳ ಪುಟವನ್ನು ಓದುವುದಕ್ಕೆ ಮುನ್ನ ಒಂದು ಚಿಕ್ಕ ಕೆಲಸ ಮಾಡಿರಿ. ವುಝೂ ಮಾಡಿಕೊಂಡು ಬನ್ನಿ. ಕಪಾಟಿನ ಮೇಲಿರುವ ಪವಿತ್ರ ಕುರ್‌ಆನನ್ನು ಕೆಳಗಿಳಿಸಿ, ಜುಜ್‌ದಾನ್ ಬಿಚ್ಚಿ, ರೆಹಲ್ ಮೇಲಿಟ್ಟು ತೆರೆಯಿರಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ದಿನವೂ ಓದುತ್ತೀರಿ. ಇಂದು ಓದುವ ಮುಂಚೆ ಪುಟವನ್ನು ಸುಮ್ಮನೆ ಒಮ್ಮೆ ನೋಡಿ.

ಮೊದಲ ಎರಡು ಪುಟಗಳು ಉಳಿದ ಪುಟಗಳಂತಿಲ್ಲ ಅಲ್ಲವೇ? ಬಲಗಡೆ ಸೂರಃ ಅಲ್ ಫಾತಿಹಾ, ಎಡಗಡೆ ಅಲ್ ಬಕರಾದ ಆರಂಭ. ಕೆಲವೇ ಸಾಲುಗಳು ಪುಟದ ನಡುವೆ ಕುಳಿತಿವೆ. ಸುತ್ತಲೂ ಬಳ್ಳಿ, ಎಲೆ, ಹೂವುಗಳ ಚೌಕಟ್ಟು. ಹಾಳೆ ತಿರುವಿದರೆ ಆ ತೋಟ ಇಲ್ಲ, ಬರೀ ಗೆರೆಯ ಚೌಕಟ್ಟು ಮಾತ್ರ. ಮುಂದೆ ಹೋಗಿ. ಪ್ರತಿ ಸೂಕ್ತದ ಕೊನೆಯಲ್ಲಿ ಒಂದು ದುಂಡನೆಯ ಗುರುತು. ಪ್ರತಿ ಸೂರಃದ ತಲೆಯಲ್ಲಿ ಒಂದು ಪಟ್ಟಿ. ಅದರೊಳಗೆ ಸೂರಃದ ಹೆಸರು, ಸೂಕ್ತಗಳ ಸಂಖ್ಯೆ, ಮಕ್ಕೀಯೋ ಮದನೀಯೋ ಎಂಬ ವಿವರ. ನಿಮ್ಮದು ನಮ್ಮ ದೇಶದಲ್ಲಿ ಅಚ್ಚಾದ ಪ್ರತಿಯಾಗಿದ್ದರೆ ಅಂಚಿನಲ್ಲಿ ಅಲ್ಲಲ್ಲಿ ‘ಐನ್’ ಅಕ್ಷರವೂ ಅದರೊಂದಿಗೆ ಮೂರು ಅಂಕೆಗಳೂ ಕಾಣುತ್ತವೆ. ಮೇಲಿನ ಅಂಕೆ ಆ ಸೂರಃದಲ್ಲಿ ಅದು ಎಷ್ಟನೆಯ ರುಕೂ ಎಂದು ಹೇಳುತ್ತದೆ, ನಡುವಿನದು ಆ ರುಕೂವಿನಲ್ಲಿ ಎಷ್ಟು ಸೂಕ್ತಗಳಿವೆ ಎಂದು, ಕೆಳಗಿನದು ಆ ಜುಝ್‌ನಲ್ಲಿ ಅದು ಎಷ್ಟನೆಯದು ಎಂದು. ನಮ್ಮಲ್ಲಿ ಎಷ್ಟೋ ಮಂದಿ ಹತ್ತಾರು ಸಲ ಖತಂ ಮಾಡಿದವರಿಗೂ ಈ ಮೂರು ಅಂಕೆಗಳ ಗುಟ್ಟು ತಿಳಿದಿರುವುದಿಲ್ಲ.

ಇವೆಲ್ಲ ಅಚ್ಚುಕೂಟದವರು ಕುಳಿತು ಯೋಚಿಸಿ ಮಾಡಿದ ಅಲಂಕಾರವೆಂದು ತಿಳಿಯಬೇಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಲಖನೌದ ಮುನ್ಷಿ ನವಲ್ ಕಿಶೋರ್ ಅವರ ಮುದ್ರಣಾಲಯದಂತಹ ಕಲ್ಲಚ್ಚಿನ ಮನೆಗಳು ಕುರ್‌ಆನ್ ಮುದ್ರಿಸತೊಡಗಿದಾಗ, ಕೈಬರಹದ ಪ್ರತಿ ಹೇಗಿತ್ತೋ ಹಾಗೆಯೇ ಕಲ್ಲಿನ ಮೇಲೆ ಇಳಿಸಿದವು. ಕುರ್‌ಆನನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಒಬ್ಬ ಹಿಂದೂ ಮುದ್ರಕರೂ ಇದ್ದರೆಂಬುದು ಎಷ್ಟು ಜನಕ್ಕೆ ಗೊತ್ತು? ಇರಲಿ. ನಿಮ್ಮ ರೆಹಲ್ ಮೇಲಿರುವ ಅಚ್ಚಿನ ಪ್ರತಿಯ ಹೂಬಳ್ಳಿಗೆ ಸಾವಿರ ವರ್ಷಕ್ಕೂ ಹೆಚ್ಚಿನ ವಂಶಾವಳಿಯಿದೆ. ಆ ವಿದ್ಯೆಗೆ ಅರಬಿಯಲ್ಲಿ ‘ತಝ್‌ಹೀಬ್’ ಎಂದು ಹೆಸರು. ಝಹಬ್ ಎಂದರೆ ಚಿನ್ನ. ತಝ್‌ಹೀಬ್ ಎಂದರೆ ಚಿನ್ನವೇರಿಸುವುದು. ಆ ಕೆಲಸದವನು ಮುಝಹ್ಹಿಬ್.

ಆರಂಭದಲ್ಲಿ ಇದಾವುದೂ ಇರಲಿಲ್ಲ. ಕ್ರಿ.ಶ. 650ರ ಸುಮಾರಿಗೆ ಹಝ್ರತ್ ಉಸ್ಮಾನ್(ರ)ರ ಕಾಲದಲ್ಲಿ ಸಿದ್ಧವಾದ ಪ್ರತಿಗಳಲ್ಲಿ ದೇವವಚನದ ಅಕ್ಷರಗಳನ್ನುಳಿದು ಬೇರೆ ಅಲಂಕಾರವಿರಲಿಲ್ಲ. ಝಬರ್, ಝೇರ್, ಪೇಷ್‌ಗಳೂ ಇರಲಿಲ್ಲ. ಅರಬಿ ಮನೆಮಾತಲ್ಲದವರು ಇಸ್ಲಾಮಿಗೆ ಬರತೊಡಗಿದಾಗ ತಪ್ಪಾಗಿ ಓದುವ ಭಯ ಹುಟ್ಟಿತು. ಬಸ್ರಾದ ಅಬುಲ್ ಅಸ್ವದ್ ಅದ್ದುಅಲೀ ಎಂಬ ವಿದ್ವಾಂಸರು ಕೆಂಪು ಚುಕ್ಕೆಗಳಿಂದ ಸ್ವರ ಸೂಚಿಸುವ ಕ್ರಮವನ್ನು ತಂದರೆಂದು ಹೇಳಲಾಗುತ್ತದೆ. ಅಕ್ಷರದ ಮೇಲೆ ಚುಕ್ಕೆಯಿದ್ದರೆ ‘ಅ’, ಕೆಳಗಿದ್ದರೆ ‘ಇ’, ಮುಂದಿದ್ದರೆ ‘ಉ’. ಮುಸ್‌ಹಫ್‌ಗೆ ಬಂದ ಮೊದಲ ಬಣ್ಣ ಬಹುಶಃ ಅದೇ.

ಆಗಿನ ಹಿರಿಯರೆಲ್ಲ ಇದನ್ನು ಒಪ್ಪಿದರೆಂದಲ್ಲ. ಅಲ್ಲಾಹನ ವಚನದೊಂದಿಗೆ ಬೇರೇನೂ ಬೆರೆಯಬಾರದು, ನಾಳೆ ಬರುವವರು ಗುರುತನ್ನೂ ಮೂಲವನ್ನೂ ಗೊಂದಲ ಮಾಡಿಕೊಂಡಾರು ಎಂಬ ಎಚ್ಚರ ಹಝ್ರತ್ ಅಬ್ದುಲ್ಲಾ ಬಿನ್ ಮಸ್‌ಊದ್(ರ)ರಂತಹ ಸಹಾಬಿಗಳಲ್ಲಿತ್ತು. ಚಿನ್ನದ ಬಳಕೆಯನ್ನು ಇಷ್ಟಪಡದ ವಿದ್ವಾಂಸರು ಮುಂದೆಯೂ ಇದ್ದರು. ನನಗನ್ನಿಸುವಂತೆ ಆ ಎಚ್ಚರವೇ ಈ ಕಲೆಗೆ ಒಂದು ಮರ್ಯಾದೆಯನ್ನು ಕಲಿಸಿತು. ಕುರ್‌ಆನಿನ ಪುಟದಲ್ಲಿ ಮನುಷ್ಯನ ಚಿತ್ರವಿಲ್ಲ, ಪ್ರಾಣಿಯ ಚಿತ್ರವಿಲ್ಲ. ಹೂವೂ ಅಕ್ಷರವನ್ನು ಮುಟ್ಟುವುದಿಲ್ಲ. ಗಜೇಂದ್ರಗಡ, ಇಳಕಲ್ಲಿನ ಮಗ್ಗದ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ: ದಡಿ ಎಷ್ಟೇ ಬೆಡಗಿನದಾಗಿರಲಿ, ಅದು ಒಡಲೊಳಗೆ ನುಗ್ಗುವುದಿಲ್ಲ.

ಹೂವು ಮೊದಲು ಬಂದದ್ದು ಲೆಕ್ಕ ಇಡಲಿಕ್ಕೆ. ಹಿಫ್ಝ್ ಮಾಡುವ ಮಕ್ಕಳಿಗೆ, ತರಾವೀಹ್ ಓದುವ ಹಾಫಿಝರಿಗೆ ಎಲ್ಲಿ ನಿಂತೆವೆಂದು ತಿಳಿಯಬೇಕಲ್ಲ? ಐದು ಸೂಕ್ತಗಳಿಗೊಮ್ಮೆ ಹನಿಯಾಕಾರದ ಗುರುತು, ಹತ್ತಕ್ಕೊಮ್ಮೆ ದುಂಡು ಹೂವು ಇಡುವ ರೂಢಿ ಬೆಳೆಯಿತು. ಐದರ ಗುರುತಿನೊಳಗೆ ಐದರ ಬೆಲೆಯುಳ್ಳ ‘ಹಾ’ ಅಕ್ಷರವನ್ನೋ, ‘ಖಂಸ್’ ಎಂಬ ಪದವನ್ನೋ ಬರೆಯುತ್ತಿದ್ದರು. ಹತ್ತರದ್ದರಲ್ಲಿ ‘ಅಶ್ರ್’ ಎಂದು. ಸಜ್ದಾ ಮಾಡಬೇಕಾದ ಕಡೆ ಅಂಚಿನಲ್ಲಿ ಇನ್ನೊಂದು ಹೂವು, ಜುಝ್ ಶುರುವಾಗುವಲ್ಲಿ ಮತ್ತೊಂದು. ದೂರದಿಂದ ನೋಡಿದವರಿಗೆ ಬರೀ ಸೊಬಗು, ಓದುವವರಿಗೆ ದಾರಿಯ ಮೈಲಿಗಲ್ಲು.

ಈ ವಿದ್ಯೆಯ ದೊಡ್ಡ ಹೆಸರುಗಳಲ್ಲಿ ಬಗ್ದಾದಿನ ಇಬ್ನುಲ್ ಬವ್ವಾಬ್ ಒಬ್ಬರು. ಬವ್ವಾಬ್ ಎಂದರೆ ಬಾಗಿಲು ಕಾಯುವವ. ಅವರ ತಂದೆಯ ಕಸುಬು ಅದು. ಹಿಜರಿ 391ರಲ್ಲಿ, ಅಂದರೆ ಕ್ರಿ.ಶ. 1000-01ರಲ್ಲಿ, ಅವರು ಬರೆದ ಒಂದು ಚಿಕ್ಕ ಗಾತ್ರದ ಕುರ್‌ಆನ್ ಈಗ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅದರ ಬರಹವೂ ಅವರದೇ, ಚಿನ್ನದ ಕೆಲಸವೂ ಅವರದೇ ಎಂದು ವಿದ್ವಾಂಸರು ನಂಬುತ್ತಾರೆ. ಕಾವಲುಗಾರನ ಮಗನ ಕೈಬರಹ ಸಾವಿರ ವರ್ಷ ಉಳಿಯಿತು. ಅವರನ್ನು ಕೆಲಸಕ್ಕಿಟ್ಟುಕೊಂಡ ಬುವಯ್ಹೀ ಸುಲ್ತಾನರ ಹೆಸರು ಇಂದು ಯಾರ ನೆನಪಿನಲ್ಲಿದೆ?

ನಮ್ಮ ಸಹೋದರಿಯರು ಗಮನಿಸಬೇಕಾದ ಇನ್ನೊಂದು ಪ್ರತಿಯಿದೆ. ಉತ್ತರ ಆಫ್ರಿಕದ ಕೈರವಾನ್‌ನಲ್ಲಿ ಕ್ರಿ.ಶ. 1020ರಲ್ಲಿ ಸಿದ್ಧವಾದ ಅದಕ್ಕೆ ‘ಮುಸ್‌ಹಫುಲ್ ಹಾದಿನಾ’ ಎಂದೇ ಹೆಸರು. ಹಾದಿನಾ ಎಂದರೆ ಮಗುವನ್ನು ಸಾಕುವ ದಾದಿ. ಅಲ್ಲಿನ ಝೀರೀ ರಾಜಮನೆತನದ ಕುವರನನ್ನು ಎತ್ತಿ ಆಡಿಸಿದ ಫಾತಿಮಾ ಎಂಬಾಕೆ ಅದನ್ನು ಬರೆಸಿ ಮಸ್ಜಿದ್‌ಗೆ ವಕ್ಫ್ ಮಾಡಿದರು. ಬರೆದು, ಸ್ವರಚಿಹ್ನೆ ಇಟ್ಟು, ಚಿನ್ನವೇರಿಸಿ, ಹೊಲಿದು ರಟ್ಟು ಕಟ್ಟಿದವರು ಅಲೀ ಬಿನ್ ಅಹ್ಮದ್ ಅಲ್ ವರ್ರಾಕ್ ಎಂಬ ಒಬ್ಬರೇ ಕಸುಬುದಾರರು. ಆ ಇಡೀ ಕೆಲಸದ ಮೇಲ್ವಿಚಾರಣೆ ನಡೆಸಿದವರು ದುರ್ರಾ ಎಂಬ ಮಹಿಳೆ. ‘ಕಾತಿಬಾ’ ಎಂದರೆ ಬರಹಗಾರ್ತಿ ಎಂದು ಅವರ ಹೆಸರಿನ ಜೊತೆಗೇ ದಾಖಲಾಗಿದೆ. ಹಣ ಕೊಟ್ಟವಳು ಒಬ್ಬ ದಾದಿ, ಕೆಲಸ ನಡೆಸಿದವಳು ಒಬ್ಬ ಬರಹಗಾರ್ತಿ. ಮುಸ್ಲಿಮ್ ಹೆಣ್ಣುಮಕ್ಕಳಿಗೂ ಲೇಖನಿಗೂ ಏನು ಸಂಬಂಧ ಎಂದು ಕೇಳುವವರ ಮುಂದೆ ಈ ಎರಡು ಹೆಸರುಗಳನ್ನಿಟ್ಟು ಸುಮ್ಮನಾಗಬಹುದು.

ಕೈರೋದಲ್ಲಿ 1304ರಿಂದ 1306ರವರೆಗೆ ಅಮೀರ್ ಬೈಬರ್ಸ್‌ಗಾಗಿ ಏಳು ಸಂಪುಟಗಳ ಕುರ್‌ಆನ್ ಸಿದ್ಧವಾಯಿತು. ಅದರ ಅಕ್ಷರಗಳೇ ಚಿನ್ನದವು. ನಮ್ಮ ದೇಶದ್ದು ಬೇಕೆಂದರೆ ಗ್ವಾಲಿಯರ್ ಕೋಟೆಯಲ್ಲಿ 1399ರ ಜುಲೈಯಲ್ಲಿ ಮುಗಿದ ಪ್ರತಿಯಿದೆ. ತೈಮೂರನ ಸೈನ್ಯ ದಿಲ್ಲಿಯನ್ನು ಸೂರೆಗೈದದ್ದು 1398ರ ಡಿಸೆಂಬರಿನಲ್ಲಿ. ಅದಾಗಿ ಏಳು ತಿಂಗಳಿಗೆ, ದಿಲ್ಲಿ ಇನ್ನೂ ಚೇತರಿಸಿಕೊಳ್ಳದ ದಿನಗಳಲ್ಲಿ, ಮಹ್ಮೂದ್ ಶಅಬಾನ್ ಎಂಬಾತ ಈ ಮುಸ್‌ಹಫ್‌ನ ಕೊನೆಯ ಸಾಲು ಬರೆದರು. ‘ಬಿಹಾರಿ’ ಎಂದು ಕರೆಯುವ, ಭಾರತದಲ್ಲೇ ಬೆಳೆದ ಲಿಪಿ ಅದು. ಅಕ್ಷರದ ಬುಡ ದಪ್ಪ, ತುದಿ ಕತ್ತಿಯಂತೆ ಚೂಪು. ಈಗ ಅದು ಟೊರಾಂಟೊದ ಆಗಾ ಖಾನ್ ಮ್ಯೂಸಿಯಂನಲ್ಲಿದೆ.

ಇನ್ನು ಕೆಲಸದ ಮಾತಿಗೆ ಬರೋಣ. ನನಗೆ ಹೆಚ್ಚು ಇಷ್ಟವಾದದ್ದು ಇದೇ.

ಕಾಗದ ಮೊದಲು. ಬಂದ ಕಾಗದದ ಮೇಲೆ ಹಾಗೆಯೇ ಬರೆಯುತ್ತಿರಲಿಲ್ಲ. ಅದಕ್ಕೆ ಗಂಜಿಯನ್ನೋ ಮೊಟ್ಟೆಯ ಬಿಳಿಯನ್ನೋ ಸವರಿ, ಒಣಗಿಸಿ, ನಯವಾದ ಕಲ್ಲಿನಿಂದ ಗಂಟೆಗಟ್ಟಲೆ ಉಜ್ಜುತ್ತಿದ್ದರು. ಹೀಗೆ ಮಾಡಿದರೆ ಮಸಿ ಹರಡುವುದಿಲ್ಲ, ಲೇಖನಿ ತೊಡರುವುದಿಲ್ಲ. ಸಾಲು ನೇರವಾಗಿರಲು ‘ಮಿಸ್ತರ್’ ಎಂಬ ಸಾಧನವಿತ್ತು. ಒಂದು ರಟ್ಟಿಗೆ ಸಾಲಿನ ಅಂತರಕ್ಕೆ ಸರಿಯಾಗಿ ದಾರಗಳನ್ನು ಬಿಗಿದಿರುತ್ತಾರೆ. ಹಾಳೆಯನ್ನು ಅದರ ಮೇಲಿಟ್ಟು ಬೆರಳಿನಿಂದ ಉಜ್ಜಿದರೆ ದಾರದ ಗುರುತು ಕಾಗದದ ಮೇಲೆ ಮೂಡುತ್ತದೆ. ಹಳೆಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಆ ಬಣ್ಣವಿಲ್ಲದ ಗೆರೆಗಳು ಇಂದಿಗೂ ಕಾಣಬಹುದು.

ಮಸಿಗೆ ಎಣ್ಣೆ ದೀಪದ ಕಾಡಿಗೆ, ಜಾಲಿ ಜಾತಿಯ ಮರದ ಅಂಟು. ಕಣ್ಣಿಗೆ ಕಾಡಿಗೆ ಹಿಡಿಯುವುದನ್ನು ಬಲ್ಲ ಅಜ್ಜಿಯಂದಿರಿಗೆ ಅರ್ಧ ವಿದ್ಯೆ ಆಗಲೇ ಬಂದಂತಾಯಿತು. ಈ ಮಸಿ ಬಿಸಿಲಿಗೆ ಮಾಸುವುದಿಲ್ಲ, ಆದರೆ ನೀರು ತಾಗಿದರೆ ಕರಗುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಲಿಪಿಕಾರ ತನ್ನ ಕೆಲಸ ಮುಗಿಸಿ, ಸೂರಃದ ತಲೆಪಟ್ಟಿಗೂ ಸೂಕ್ತದ ಗುರುತಿಗೂ ಜಾಗ ಬಿಟ್ಟು ಹಾಳೆಗಳನ್ನು ಮುಝಹ್ಹಿಬ್‌ನ ಕೈಗೆ ಕೊಡುತ್ತಾನೆ. ಅವನು ಚಿನ್ನದ ರೇಕನ್ನು ತಟ್ಟೆಯಲ್ಲಿ ಹಾಕಿ, ಜೇನನ್ನೋ ಅಂಟನ್ನೋ ಬೆರೆಸಿ, ಬೆರಳ ತುದಿಯಿಂದ ತಿಕ್ಕುತ್ತಾನೆ. ಅದೂ ಒಂದೆರಡು ನಿಮಿಷವಲ್ಲ, ಗಂಟೆಗಟ್ಟಲೆ. ರೇಕು ನುಣ್ಣನೆಯ ಪುಡಿಯಾದ ಮೇಲೆ ನೀರು ಹೊಯ್ದು ಬಿಟ್ಟರೆ ಚಿನ್ನ ತಳಕ್ಕಿಳಿಯುತ್ತದೆ. ಮೇಲಿನ ನೀರನ್ನು ಬಸಿದು, ಉಳಿದ ಚಿನ್ನಕ್ಕೆ ಸ್ವಲ್ಪ ಅಂಟು ಸೇರಿಸಿ, ಕೆಲವೇ ಕೂದಲಿನ ಕುಂಚದಿಂದ ಹಚ್ಚುತ್ತಾನೆ. ಹಚ್ಚಿದಾಗ ಅದು ಹೊಳೆಯುವುದಿಲ್ಲ, ಮಂಕಾದ ಹಳದಿ ಮಣ್ಣಿನಂತೆ ಕಾಣುತ್ತದೆ. ಒಣಗಿದ ಮೇಲೆ ಅಕೀಕ್ ಕಲ್ಲಿನಿಂದ ತಿಕ್ಕಿದಾಗಲೇ ಬೆಳಕು ಹೊರಬರುವುದು. ಕೊನೆಗೆ ಕಪ್ಪು ಮಸಿಯಿಂದ ಅಂಚುಗೆರೆ.

ಚಿನ್ನದ ಜೊತೆಗಾರ ನೀಲಿ. ಅದು ಲಾಜ್ವರ್ದ್ ಕಲ್ಲಿನದು, ಅಫ್ಘಾನಿಸ್ತಾನದ ಬದಖ್‌ಶಾನ್ ಬೆಟ್ಟಗಳ ಗಣಿಯಿಂದ ಬರುತ್ತಿತ್ತು. ಕೆಂಪಿಗೆ ಇಂಗಳೀಕ. ಹಸಿರಿಗೆ ತಾಮ್ರದ ಕಿಲುಬು. ಫಾರಸಿಯಲ್ಲಿ ಅದಕ್ಕೆ ಜಂಗಾರ್ ಎನ್ನುತ್ತಾರೆ. ಈ ಹಸಿರು ನೋಡಲು ಚೆಂದ, ಗುಣದಲ್ಲಿ ಕೆಟ್ಟದ್ದು. ಕಾಲ ಕಳೆದಂತೆ ಅದು ತಾನು ನಿಂತ ಕಾಗದವನ್ನೇ ತಿನ್ನುತ್ತದೆ. ಹಳೆಯ ಪ್ರತಿಗಳಲ್ಲಿ ಚೌಕಟ್ಟಿನ ಗೆರೆಯುದ್ದಕ್ಕೂ ಹಾಳೆ ಕತ್ತರಿಸಿದಂತೆ ಸೀಳಿ, ಬರಹದ ಭಾಗ ಕಿಟಕಿಯ ಹಾಗೆ ಕಳಚಿ ಬಂದಿದ್ದರೆ ಅದು ಯಾರದೋ ಕಿಡಿಗೇಡಿತನವಾಗಿರಬೇಕೆಂದಿಲ್ಲ. ಬಹಳ ಸಲ ಅದು ಜಂಗಾರ್‌ನ ಕೆಲಸ.

ಇದೆಲ್ಲ ಬಗ್ದಾದ್, ಕೈರೋಗಳ ಕತೆಯಾಯಿತು, ನಮ್ಮ ನಾಡಿನಲ್ಲಿ ಏನಿತ್ತು ಎಂದು ನೀವು ಕೇಳಬಹುದು. ಬೀದರಿನಿಂದ ಆರಂಭಿಸಿ. ಅಷ್ಟೂರಿನಲ್ಲಿ 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ್ ಅಹ್ಮದ್ ಶಾಹ್ ವಲಿಯ ಗೋರಿಯೊಳಗೆ ಹೋಗಿ ಕತ್ತೆತ್ತಿ ನೋಡಿ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಗುಮ್ಮಟದ ಒಳಮೈಯಲ್ಲಿ ಚಿನ್ನ, ಇಂಗಳೀಕ, ನೀಲಿಗಳಲ್ಲಿ ಬರೆದ ಬಳ್ಳಿಗಳೂ ಅಕ್ಷರಗಳೂ ಮೂಡಿಬರುತ್ತವೆ. ಮುಸ್‌ಹಫ್‌ನ ಮೊದಲ ಪುಟವನ್ನೇ ದೊಡ್ಡದಾಗಿಸಿ ಗುಮ್ಮಟಕ್ಕೆ ಹೊದಿಸಿದಂತಿದೆ. ಬರಹ ಶೀರಾಝ್‌ನ ಮುಗೀಸ್ ಎಂಬವರದು, ಚಿತ್ತಾರ ಕಝ್ವೀನ್‌ನ ಶುಕ್ರುಲ್ಲಾಹ್ ಎಂಬವರದು ಎನ್ನುತ್ತಾರೆ ಇತಿಹಾಸಕಾರರು. ಇದೇ ಗೋರಿಗೆ ಪ್ರತಿವರ್ಷದ ಉರೂಸ್‌ಗೆ ಮಾಡಿಯಾಳದಿಂದ ಜಂಗಮರು ಬರುತ್ತಾರೆ, ಅಲ್ಲಮಪ್ರಭುವೆಂದು ನಮಿಸುತ್ತಾರೆ. ಶೀರಾಝ್‌ನ ಅಕ್ಷರದ ಕೆಳಗೆ ಕನ್ನಡದ ಶಂಖ ಮೊಳಗುತ್ತದೆ.

ಬೀದರಿನಲ್ಲಿಯೇ ಮಹ್ಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದ್ರಸಾದಲ್ಲಿ ಮೂರು ಸಾವಿರದಷ್ಟು ಗ್ರಂಥಗಳಿದ್ದವೆಂದು ಹೇಳುತ್ತಾರೆ. ಔರಂಗಝೇಬನ ಕಾಲದಲ್ಲಿ ಅದರ ಕೋಣೆಗಳಲ್ಲಿ ಮದ್ದು ತುಂಬಿಟ್ಟಿದ್ದರು. 1696ರಲ್ಲಿ ಅದು ಸಿಡಿದು ಕಟ್ಟಡದ ಒಂದು ಪಾಲೇ ಹಾರಿಹೋಯಿತು. ಗ್ರಂಥ ಇಡುವ ಕಡೆ ಮದ್ದು ಇಟ್ಟರೆ ಇನ್ನೇನಾದೀತು?

ಬಿಜಾಪುರದ ಆದಿಲ್‌ಶಾಹಿಗಳ ಮಾತೇ ಬೇರೆ. 1558ರಿಂದ 1580ರವರೆಗೆ ಆಳಿದ ಒಂದನೆಯ ಅಲೀ ಆದಿಲ್ ಶಾಹ್‌ಗೆ ಪುಸ್ತಕದ ಹುಚ್ಚು ಎಷ್ಟಿತ್ತೆಂದರೆ ಪ್ರಯಾಣದಲ್ಲಿಯೂ ಗ್ರಂಥದ ಪೆಟ್ಟಿಗೆಗಳು ಜೊತೆಗಿರಬೇಕಿತ್ತು. ಅರಮನೆಯ ಗ್ರಂಥಾಲಯದಲ್ಲಿ ಲಿಪಿಕಾರರು, ಚಿನ್ನವೇರಿಸುವವರು, ಚಿತ್ತಾರದವರು, ರಟ್ಟು ಕಟ್ಟುವವರು ಸೇರಿ ಸುಮಾರು ಅರವತ್ತು ಮಂದಿ ದಿನವಿಡೀ ಕೆಲಸ ಮಾಡುತ್ತಿದ್ದರೆಂದು ಆ ಕಾಲವನ್ನು ಕಣ್ಣಾರೆ ಕಂಡ ರಫೀಉದ್ದೀನ್ ಶೀರಾಝಿ ಬರೆದಿಟ್ಟಿದ್ದಾರೆ. ಎರಡನೆಯ ಇಬ್ರಾಹೀಮ್ ಆದಿಲ್ ಶಾಹ್ ತನ್ನ ಲಿಪಿಕಾರ ಖಲೀಲುಲ್ಲಾಹ್‌ಗೆ ‘ಲೇಖನಿಯ ಬಾದ್‌ಷಾಹ್’ ಎಂಬ ಬಿರುದನ್ನೇ ಕೊಟ್ಟ.

ಇಂದು ವಿಜಯಪುರವೆಂದು ಕರೆಯುವ ಆ ಊರಿಗೆ ಹೋದವರೆಲ್ಲ ಗೋಲ್ ಗುಂಬಝ್‌ನಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಬರುತ್ತಾರೆ. ಇನ್ನೊಮ್ಮೆ ಹೋದಾಗ ಜಾಮಿಯಾ ಮಸ್ಜಿದ್‌ನ ಮಿಹ್ರಾಬ್ ಮುಂದೆ ನಿಲ್ಲಿರಿ. 1636ರಲ್ಲಿ ಮುಹಮ್ಮದ್ ಆದಿಲ್ ಶಾಹ್‌ನ ಕಾಲದಲ್ಲಿ ಮಲಿಕ್ ಯಾಕೂಬ್ ಮಾಡಿಸಿದ ಚಿನ್ನದ ಕೆಲಸ ಅದು. ಬರಹ, ಬಳ್ಳಿ, ಹೂಕುಂಡಗಳ ನಡುವೆ ಗೋಡೆಯಲ್ಲಿ ಗೂಡುಗಳಿರುವಂತೆಯೂ ಅವುಗಳಲ್ಲಿ ಪುಸ್ತಕಗಳನ್ನು ಇಟ್ಟಿರುವಂತೆಯೂ ಚಿತ್ರಿಸಿದ್ದಾರೆ. ನಮ್ಮ ಹಳ್ಳಿಯ ಮನೆಗಳ ಗೋಡೆಗೂಡಿನಲ್ಲಿ ಕುರ್‌ಆನ್ ಇಡುವಂತೆಯೇ! ಇಬ್ರಾಹೀಮ್ ರೌಝಾದ ಗೋಡೆಗಳನ್ನೂ ನೋಡಿ. ಜಾಲಂಧ್ರಗಳನ್ನೇ ಅರಬಿ ಅಕ್ಷರಗಳಿಂದ ಕೊರೆದಿದ್ದಾರೆ. ಇಡೀ ಕುರ್‌ಆನನ್ನೇ ಅಲ್ಲಿ ಕೆತ್ತಲಾಗಿದೆಯೆಂದು ಕೆಲವರು ಹೇಳುವುದುಂಟು, ಅದು ಉತ್ಪ್ರೇಕ್ಷೆ. ಇರುವಷ್ಟೇ ಬೇಕಾದಷ್ಟಾಯಿತು. ಗೋಲ್ ಗುಂಬಝ್ ಎದುರಿನ ನಕ್ಕಾರಖಾನೆಯ ಮ್ಯೂಸಿಯಂನಲ್ಲಿ ಕೈಬರಹದ ಪ್ರತಿಗಳನ್ನೂ ಕಾಣಬಹುದು.

ಆ ಅರವತ್ತು ಮಂದಿಯ ಕೆಲಸವೆಲ್ಲ ಎಲ್ಲಿ ಹೋಯಿತು? 1686ರಲ್ಲಿ ಬಿಜಾಪುರ ಮೊಗಲರ ವಶವಾಯಿತು. ಉಳಿದ ಗ್ರಂಥಗಳ ಒಂದು ಭಾಗ ಆಸಾರ್ ಮಹಲ್‌ನಲ್ಲಿ ಸೇರಿಕೊಂಡಿತು. ಅವನ್ನು 1853ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಲಂಡನ್ನಿಗೆ ಸಾಗಿಸಿದರು. ನಾಲ್ಕುನೂರಕ್ಕೂ ಮಿಕ್ಕಿದ ಆ ಹಸ್ತಪ್ರತಿಗಳು ಬ್ರಿಟಿಷ್ ಲೈಬ್ರರಿಯಲ್ಲಿ ‘ಬಿಜಾಪುರ ಸಂಗ್ರಹ’ ಎಂಬ ಹೆಸರಿನಲ್ಲಿವೆ, ಹಲವುಗಳ ಮೇಲೆ ಸುಲ್ತಾನರ ಮುದ್ರೆಯೂ ಇದೆ. ಅದಕ್ಕೂ ಮುಂಚೆ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪು ಸುಲ್ತಾನರ ಸುಮಾರು ಎರಡು ಸಾವಿರ ಗ್ರಂಥಗಳೂ ಹೀಗೆಯೇ ಹಂಚಿಹೋದವು. ಇದನ್ನು ಓದಿ ನಿಮಗೆ ಸಿಟ್ಟು ಬರಬಹುದು. ನನಗೂ ಬರುತ್ತದೆ. ಆದರೆ ಒಯ್ದವರು ಪಟ್ಟಿ ಮಾಡಿ ಇಟ್ಟರು. ನಮ್ಮ ಮನೆಗಳಲ್ಲಿ ಉಳಿದವನ್ನು ನಾವೇನು ಮಾಡಿದೆವು ಎಂಬ ಪ್ರಶ್ನೆಯೂ ಇದೆ.

ಈ ಪ್ರಶ್ನೆ ನನ್ನ ಮುಂದೆ ಬಂದದ್ದು ಗದಗ ಜಿಲ್ಲೆಯ ರಾಜೂರಿನಿಂದ ಬಂದ ಒಂದು ಪತ್ರದಿಂದ. ಬರೆದ ಸಹೋದರಿ ಹೆಸರು ಪ್ರಕಟಿಸಬಾರದೆಂದು ಕೋರಿದ್ದಾರೆ. ಅವರ ಅತ್ತೆಮನೆಯಲ್ಲಿ ಗೋಡೆಗೂಡಿನಲ್ಲಿ ಒಂದು ಕೈಬರಹದ ಕುರ್‌ಆನ್ ಇದೆ. ಮೊದಲ ಹಾಳೆಗಳಿಲ್ಲ. ಹುಳು ಕೊರೆದ ತೂತುಗಳಿವೆ. ಅಂಚಿನಲ್ಲಿ ಚಿನ್ನದ ಬಣ್ಣದ ಹೂವುಗಳಿವೆಯಂತೆ. ಓದಲು ಯಾರೂ ಬಳಸುವುದಿಲ್ಲ. ಬೇಅದಬಿಯಾಗುವುದು ಬೇಡ, ರಮಝಾನ್‌ಗೆ ಮುಂಚೆ ಹೂತುಬಿಡೋಣ ಎಂದು ಕೆಲವು ಹಿರಿಯರು, ಹೊಳೆಆಲೂರಿನ ಕಡೆ ಹೋದಾಗ ಮಲಪ್ರಭೆಯಲ್ಲಿ ಬಿಡೋಣ ಎಂದು ಇನ್ನು ಕೆಲವರು. ಅತ್ತೆಯವರಿಗೆ ಮನಸ್ಸಿಲ್ಲ, ಆದರೆ ಮಾತಾಡುತ್ತಿಲ್ಲ. “ಇಟ್ಟುಕೊಂಡರೆ ಗುನಾಹ್ ಆಗುತ್ತದೆಯೇ?” ಎಂದು ಸೊಸೆ ಕೇಳಿದ್ದಾರೆ.

ಸಹೋದರಿ, ಮಸ್‌ಅಲಾ ಹೇಳುವ ಅಧಿಕಾರ ನನಗಿಲ್ಲ. ಅದನ್ನು ಆಲಿಮರಲ್ಲಿಯೇ ಕೇಳಬೇಕು. ಕೇಳುವಾಗ ಪೂರ್ತಿ ಸಂಗತಿ ಹೇಳಿ ಎನ್ನುವುದಷ್ಟೇ ನನ್ನ ವಿನಂತಿ. ಶುದ್ಧ ಬಟ್ಟೆಯಲ್ಲಿ ಸುತ್ತಿ, ಯಾರೂ ತುಳಿಯದ ಜಾಗದಲ್ಲಿ ಹೂಳಬೇಕೆಂದು ಹನಫೀ ಗ್ರಂಥಗಳಲ್ಲಿ ಹೇಳಿರುವುದು ಓದಲಿಕ್ಕೆ ಬಾರದಷ್ಟು ಹಾಳಾದ ಪ್ರತಿಗಳ ಬಗ್ಗೆ. ನಿಮ್ಮಲ್ಲಿರುವ ಪ್ರತಿಯ ಅಕ್ಷರಗಳನ್ನು ಇನ್ನೂ ಓದಬಹುದು ಎಂದು ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ಆತುರವೇಕೆ? ಬೇಅದಬಿಯಾಗದಂತೆ ಇಡಲು ಸಾಧ್ಯವೇ ಎಂಬುದನ್ನು ಮೊದಲು ನೋಡಬೇಕಲ್ಲವೇ? ನದಿಯ ಮಾತನ್ನಂತೂ ಬಿಟ್ಟೇಬಿಡಿ. ಕಾಡಿಗೆಯ ಮಸಿ ನೀರಿಗೆ ಕರಗುತ್ತದೆ ಎಂದೆನಲ್ಲ. ಹಾಳೆ ಮಾತ್ರ ತೇಲಿ ಯಾವ ದಡಕ್ಕೆ, ಯಾರ ಕಾಲಡಿಗೆ ಹೋಗಿ ಬೀಳುತ್ತದೋ ಹೇಳುವವರಾರು?

ಹಿರಿಯರಿಗೆ ಯಮನ್‌ನ ಸಂಗತಿಯೊಂದನ್ನು ಹೇಳಿ. ಸನ್‌ಆದ ದೊಡ್ಡ ಮಸ್ಜಿದ್‌ನಲ್ಲಿ 1972ರಲ್ಲಿ ದುರಸ್ತಿ ನಡೆಯುತ್ತಿದ್ದಾಗ, ಛಾವಣಿಯ ಸಂದಿನಲ್ಲಿ ಹಳೆಯ ಚರ್ಮದ ಹಾಳೆಗಳ ದೊಡ್ಡ ರಾಶಿ ಸಿಕ್ಕಿತು. ಎಂದೋ ಯಾರೋ ಸವೆದ ಕುರ್‌ಆನ್ ಹಾಳೆಗಳನ್ನು ಗೌರವದಿಂದ ಮೇಲೆತ್ತಿ ಇಟ್ಟಿದ್ದರು. ಹಿಜರಿ ಮೊದಲ ಶತಮಾನದವೂ ಅದರಲ್ಲಿದ್ದವು. ಒಂದು ಪ್ರತಿಯ ಮೊದಲ ಪುಟಗಳಲ್ಲಿ ಕಮಾನುಗಳೂ ತೂಗುದೀಪಗಳೂ ಇರುವ ಮಸ್ಜಿದ್‌ನ ಚಿತ್ರವೇ ಇತ್ತು. ಕುರ್‌ಆನ್ ಪುಟಗಳ ಅಲಂಕಾರದಲ್ಲಿ ನಮಗೆ ತಿಳಿದಿರುವ ಅತ್ಯಂತ ಹಳೆಯವುಗಳಲ್ಲಿ ಅದೂ ಒಂದು. ಇಟ್ಟವರು ವಿದ್ವಾಂಸರೋ ಗುಡಿಸುವವರೋ, ಯಾರಾದರೂ ಇರಲಿ. ಅವರಿಟ್ಟದ್ದರಿಂದ ಲೋಕಕ್ಕೆ ಒಂದು ಸಾಕ್ಷ್ಯ ಉಳಿಯಿತು.

ನಿಮ್ಮ ಪ್ರತಿ ಎಷ್ಟು ಹಳೆಯದೆಂದು ಪತ್ರದಿಂದ ಹೇಳಲಾಗದು. ಆದಿಲ್‌ಶಾಹಿಗಳದ್ದೇ ಆಗಬೇಕಿಲ್ಲ, ಕಳೆದ ಶತಮಾನದ ಆರಂಭದವರೆಗೂ ಊರೂರಲ್ಲಿ ಬರೆಯುವವರಿದ್ದರು. ಕೊನೆಯ ಹಾಳೆ ಇದ್ದರೆ ನಿಧಾನವಾಗಿ ನೋಡಿ. ಸೂರಃ ಅನ್ನಾಸ್ ಮುಗಿದ ಮೇಲೆ ಲಿಪಿಕಾರ ತನ್ನ ಹೆಸರು, ಊರು, ಹಿಜರಿ ವರ್ಷ ಬರೆದಿರಬಹುದು. ಮನೆಯವರು ಮಕ್ಕಳ ಹುಟ್ಟಿದ ದಿನವನ್ನು ಬರೆದಿಟ್ಟಿರಲೂಬಹುದು. ‘ಯಾ ಕಬೀಕಜ್’ ಎಂಬ ಮಾತು ಕಂಡರೆ ಅದು ತಾವೀಝ್ ಎಂದು ಗಾಬರಿಯಾಗಬೇಡಿ. ಕಬೀಕಜ್ ಎಂಬುದು ಹುಳುಗಳ ಒಡೆಯನೆಂದೂ ಅವನ ಹೆಸರು ಬರೆದಿಟ್ಟರೆ ಹುಳು ಮುಟ್ಟುವುದಿಲ್ಲವೆಂದೂ ಹಿಂದಿನವರು ನಂಬಿದ್ದರು. ಹಾಗೆ ಬರೆದಿಟ್ಟ ಎಷ್ಟೋ ಪ್ರತಿಗಳಲ್ಲಿ ಆ ಹೆಸರಿನ ಮೂಲಕವೇ ಹುಳು ಹಾದುಹೋಗಿದೆ! ಪುಟದ ಕೆಳಮೂಲೆಯಲ್ಲಿ ಒಂಟಿ ಪದವೊಂದು ಓರೆಯಾಗಿ ನಿಂತಿದ್ದರೆ ಅದು ಮುಂದಿನ ಪುಟದ ಮೊದಲ ಪದ. ಹಾಳೆಗಳು ಹಿಂದುಮುಂದಾಗಿದ್ದರೆ ಅದನ್ನು ಹಿಡಿದು ಸರಿಪಡಿಸಬಹುದು.

ಇನ್ನೊಂದು ಎಚ್ಚರಿಕೆ. ಚಿನ್ನದ ಅಕ್ಷರದ ಹಳೆಯ ಕುರ್‌ಆನ್ ಇದೆಯೇ ಎಂದು ಕೇಳಿಕೊಂಡು ಯಾರಾದರೂ ಬಂದರೆ ತೋರಿಸಬೇಡಿ. ಹೂವಿರುವ ಹಾಳೆಗಳನ್ನಷ್ಟೇ ಬಿಡಿಸಿ, ಚೌಕಟ್ಟು ಹಾಕಿ ಬಿಡಿಬಿಡಿಯಾಗಿ ಮಾರುವವರು ಲೋಕದಲ್ಲಿದ್ದಾರೆ. ಒಂದು ಸೂರಃ ಲಂಡನ್ನಿನ ಗೋಡೆಯ ಮೇಲೆ, ಇನ್ನೊಂದು ದುಬೈಯ ಬೈಠಕ್‌ಖಾನೆಯಲ್ಲಿ. ಹೂಳುವುದಕ್ಕಿಂತ ಇದು ಹೆಚ್ಚಿನ ಬೇಅದಬಿ ಎಂದೇ ನನ್ನ ಅಭಿಪ್ರಾಯ. ಕಾನೂನೂ ಇದೆ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ 75 ವರ್ಷ ದಾಟಿದ, ಇತಿಹಾಸ ಅಥವಾ ಕಲೆಯ ಬೆಲೆಯುಳ್ಳ ಹಸ್ತಪ್ರತಿ ಪ್ರಾಚ್ಯವಸ್ತು. ಪರವಾನಗಿಯಿಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಮನೆಯಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಹಸ್ತಪ್ರತಿಗಳನ್ನು ಗುರುತಿಸಿ ದಾಖಲಿಸಲು ಕೇಂದ್ರ ಸರಕಾರ 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಆರಂಭಿಸಿತ್ತು. 2025ರಲ್ಲಿ ‘ಜ್ಞಾನ ಭಾರತಂ’ ಎಂಬ ಹೆಸರಿನಲ್ಲಿ ಹೊಸ ಯೋಜನೆ ಬಂದಿದೆ. ದಾಖಲಿಸಿದ ಮಾತ್ರಕ್ಕೆ ಪ್ರತಿಯನ್ನು ಕೊಟ್ಟುಬಿಡಬೇಕೆಂದೇನೂ ಇಲ್ಲ. ಯಾವುದಾದರೂ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗದವರನ್ನು ಕೇಳಿದರೂ ದಾರಿ ಹೇಳುತ್ತಾರೆ.

ಅದಕ್ಕೆಲ್ಲ ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವುದನ್ನು ಮಾಡಿ. ಹರಿದಲ್ಲಿ ಸೆಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಅಂಟಿಕೊಂಡ ಹಾಳೆಗಳನ್ನು ಚಾಕುವಿನಿಂದ ಬಿಡಿಸಲು ಹೋಗಬೇಡಿ. ಬಿಸಿಲಿಗಿಟ್ಟರೆ ಹುಳು ಸಾಯುತ್ತದೆ ಎನ್ನುವವರಿದ್ದಾರೆ, ಕಾಗದವೂ ಒಣಗಿ ಮುರಿಯುತ್ತದೆ. ವುಝೂ ಮಾಡಿದ ಕೈಯನ್ನು ಚೆನ್ನಾಗಿ ಒರೆಸಿ ಒಣಗಿಸಿಕೊಂಡೇ ಮುಟ್ಟಿ. ಹಗಲ ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ, ಪಕ್ಕದಲ್ಲಿ ಮಕ್ಕಳ ಅಳತೆಪಟ್ಟಿಯೊಂದನ್ನು ಇಟ್ಟು ಒಂದೊಂದೇ ಹಾಳೆಯ ಫೋಟೊ ತೆಗೆಯಿರಿ. ಆ ಫೋಟೊಗಳನ್ನು ಮೊದಲು ನಿಮ್ಮ ಅತ್ತೆಯವರಿಗೆ ತೋರಿಸಿ, ಈ ಮುಸ್‌ಹಫ್ ಮನೆಗೆ ಯಾರ ಕಾಲದಲ್ಲಿ ಬಂತು, ಯಾರು ಓದುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಿ. ಆಮೇಲೆ ಹಳೆಯ ಪ್ಲಾಸ್ಟಿಕ್ ಚೀಲವನ್ನು ತೆಗೆದು, ನಾಲ್ಕಾರು ಸಲ ಒಗೆದು ಗಂಜಿ ಬಿಟ್ಟ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ, ಮಳೆಗಾಲದ ತೇವ ಹೀರುವ ಗೋಡೆಗೂಡಿನಿಂದ ತೆಗೆದು, ಮರದ ಕಪಾಟಿನ ಮೇಲಿನ ಅರೆಯಲ್ಲಿ ನಿಲ್ಲಿಸದೆ ಮಲಗಿಸಿಡಿ.